ಆಷಾಢಕ್ಕೂ ಮುಂಚೆ ಬಂದ ಗಾಡಿ

ನನ್ನ ಮೇಜಿನ ಡ್ರಾಯರಿನಲ್ಲಿ ಮೂರು ಸಾಮಾನು ಸದಾ ಇರಬೇಕೆಂದು, ನಾನು ಶೋರೂಮಿಗೆ ಸೇರಿದ ಮೊದಲ ವಾರವೇ ಮ್ಯಾನೇಜರು ಹೇಳಿದ್ದರು: ಬುಕಿಂಗ್ ಫಾರಂ, ಪೇಡೆಯ ಡಬ್ಬಿ, ಪಂಚಾಂಗ. ಮೊದಲಿನೆರಡು ಯಾಕೆಂದು ಕೇಳುವ ಅಗತ್ಯವಿರಲಿಲ್ಲ. ಕಾರು ಮಾರುವಲ್ಲಿ ಪಂಚಾಂಗ ಯಾಕೆಂದು ಮಾತ್ರ ಕೇಳಿದೆ.

"ಗಾಡಿ ಬರೂದು ತಡ ಆತು ಅಂದ್ರ ಕಂಪನಿ ಕಳಿಸಿಲ್ಲ ಅಂತ ಹೇಳಬ್ಯಾಡ. ಜನ ಮೈಮ್ಯಾಲ ಬರ್ತಾರ. ಇದನ್ನ ತಗದು, ಈ ವಾರ ದಿನ ಚೊಲೊ ಇಲ್ರೀ ಅಂತ ಹೇಳು. ಕೈ ಮುಗದು ಮನಿಗೆ ಹೋಗ್ತಾರ" ಎಂದರು.

ನಾನು ನಕ್ಕೆ. ತಿಂಗಳು ಕಳೆಯುವುದರೊಳಗೆ ಅವರು ಹೇಳಿದ್ದು ಖರೆ ಎಂದು ಗೊತ್ತಾಯಿತು. ಕಂಪನಿಯ ಜೊತೆ ಜಗಳವಾಡುವ ಗಿರಾಕಿ ತಿಥಿಯ ಜೊತೆ ಜಗಳವಾಡುವುದಿಲ್ಲ. ಆಷಾಢ, ಪಿತೃಪಕ್ಷ, ರಾಹುಕಾಲ, ಯಾವುದಾದರೊಂದು ನಮ್ಮ ಸಹಾಯಕ್ಕೆ ಬಂದೇ ಬರುತ್ತಿತ್ತು. ನಮ್ಮ ದೇವದುರ್ಗದ ಕಡೆಯ ಲಾರಿಯವರು, ಟಂಟಂ ಆಟೋದವರು ಅಮಾವಾಸ್ಯೆಯ ದಿನವೇ ಗಾಡಿಗೆ ನಿಂಬೆಹಣ್ಣು ಕಟ್ಟುವವರು. ಅವರಿಗೆ ಅಮಾವಾಸ್ಯೆಯ ತನಕ ತಾಳಿ ಅನ್ನುತ್ತಿದ್ದೆ. ರಾಯಚೂರಿನ ಅಂಗಡಿ ಮಾಲೀಕರಿಗೆ ಅಮಾವಾಸ್ಯೆ ಹತ್ತಿರ ಬಂತು, ಅದು ಕಳೆಯಲಿ ಅನ್ನುತ್ತಿದ್ದೆ. ಇಬ್ಬರೂ ತಲೆಯಾಡಿಸಿ ಹೋಗುತ್ತಿದ್ದರು.

ನಾನು ದೇವದುರ್ಗದವಳು. ಅಪ್ಪ ಅವ್ವ ಕೂಲಿ ಮಾಡಿದವರು. ಡಿಗ್ರಿ ಮುಗಿಸಿ ರಾಯಚೂರಿನ ಹೊರಗೆ, ಹತ್ತಿ ಮಿಲ್ಲುಗಳು ಮುಗಿಯುವ ಕಡೆ ಇರುವ ಈ ಶೋರೂಮಿಗೆ ಸೇರಿ ಏಳು ವರ್ಷವಾಯಿತು. ಬೇಸಿಗೆಯಲ್ಲೂ ನೀಲಿ ಕೋಟು ಹಾಕಿಕೊಂಡು ನಿಲ್ಲಬೇಕು. ರಾಯಚೂರಿನ ಬಿಸಿಲಿಗೆ ಕೋಟು ಹಾಕಿಸಿದವನು ಯಾರೋ, ಅವನೊಮ್ಮೆ ಮೇ ತಿಂಗಳಲ್ಲಿ ಇಲ್ಲಿಗೆ ಬಂದು ಹೋಗಲಿ ಎಂದು ನನ್ನ ಆಸೆ. ಅಷ್ಟು ಕಾರು ಮಾರಿದ್ದೇನೆ, ಊರಿಗೆ ಹೋಗುವುದು ಮಾತ್ರ ಇವತ್ತಿಗೂ ಸರ್ಕಾರಿ ಬಸ್ಸಿನಲ್ಲೇ.

ಕಾರು ಕೊಳ್ಳಲು ಒಬ್ಬರೇ ಬರುವವರು ಕಡಿಮೆ. ಕೊಳ್ಳುವವನು ಒಬ್ಬ, ಅವನ ಹಿಂದೆ ಒಂಬತ್ತು ಜನ. ಅದರಲ್ಲೊಬ್ಬ ಎಲ್ಲ ತಿಳಿದ ಮಾವ. ಆತ ಹಿಂದೆಂದೋ ಲಾರಿ ಓಡಿಸಿದವನಾಗಿರುತ್ತಾನೆ, ಬಂದ ಕೂಡಲೇ ಟಯರಿಗೆ ಒದೆಯುತ್ತಾನೆ, ಬಾನೆಟ್ ಎತ್ತಿಸಿ ಒಳಗೆ ನೋಡಿ "ಹೂಂ" ಎನ್ನುತ್ತಾನೆ. ಆ "ಹೂಂ" ಎಂಬುದರ ಅರ್ಥ ಅವನಿಗೂ ಗೊತ್ತಿರುವುದಿಲ್ಲ. ಹೆಂಗಸರು ಹಿಂದಿನ ಸೀಟಿನಲ್ಲಿ ಕುಳಿತು ಎಸಿ ಹಾಕಿಸಿಕೊಂಡು ಸುಧಾರಿಸಿಕೊಳ್ಳುತ್ತಾರೆ. ಅಕ್ಕಿ ಮಿಲ್ಲಿನವರು ಡಿಕ್ಕಿ ತೆರೆಸಿ ಎಷ್ಟು ಚೀಲ ಹಿಡಿಯುತ್ತದೆ ಎಂದು ಕೇಳುತ್ತಾರೆ. ಇದೆಲ್ಲ ನನಗೆ ನಗು ತರಿಸುತ್ತಿತ್ತು. ನಗು ತರಿಸದೆ ಇದ್ದದ್ದು ಒಂದೇ. ಬಾಗಿಲು ತೆರೆದು ಒಳಗೆ ಬಂದವರು ನನ್ನನ್ನು ನೋಡಿ, ನನ್ನ ಭುಜದ ಮೇಲಿನಿಂದ ಆಚೆಗೆ ಕಣ್ಣು ಹಾಯಿಸಿ, "ಗಂಡಸರು ಯಾರೂ ಇಲ್ಲೇನ್ರೀ?" ಎಂದು ಕೇಳುವುದು. ಕಾರು ಮಾರಲಿಕ್ಕೆ ಮೀಸೆ ಬೇಕೇನು ಎಂದು ಒಮ್ಮೆ ಒಬ್ಬರಿಗೆ ಹೇಳಿಯೂ ಬಿಟ್ಟಿದ್ದೆ. ಆ ದಿನ ಮ್ಯಾನೇಜರು ನನ್ನನ್ನು ಒಳಗೆ ಕರೆದು ಚೆನ್ನಾಗಿ ಝಾಡಿಸಿದರು.

ಮಾನ್ವಿಯ ಮೇಷ್ಟ್ರು ಹಾಗೆ ಕೇಳಲಿಲ್ಲ. ಅದಕ್ಕೇ ಅವರು ಬಂದ ದಿನ ನನಗೆ ಸ್ಪಷ್ಟವಾಗಿ ನೆನಪಿದೆ.

ಮೇ ತಿಂಗಳ ಮಧ್ಯಾಹ್ನ. ಬಸ್ಸಿಳಿದು ನಡೆದೇ ಬಂದಿದ್ದರು, ಅಂಗಿ ಬೆನ್ನಿಗೆ ಅಂಟಿತ್ತು. ಐವತ್ತರ ಆಸುಪಾಸು, ಹಣೆಯ ಮೇಲೆ ಅಂಗಾರದ ಕರಿಗೆರೆ ಬೆವರಿಗೆ ಸ್ವಲ್ಪ ಹರಡಿತ್ತು. ಅವರದು ದೇವಸ್ಥಾನದ ಸೇವೆಯ ಮನೆತನ. ಇವರು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಬಂದವರು ನನ್ನ ಮೇಜಿನ ಮುಂದೆಯೇ ಕುಳಿತು, ನೀರು ಕುಡಿದು, ಚೀಲದಿಂದ ಒಂದು ದಾರದ ಉಂಡೆ ತೆಗೆದರು. ಬಿಳಿ ದಾರ, ಎರಡು ಗಂಟು ಹಾಕಿತ್ತು.

"ಮೇಡಂ, ನಿಮಗ ತ್ರಾಸ ಇಲ್ಲಾಂದ್ರ ಒಂದು ಅಳತಿ ನೋಡಬೇಕಿತ್ತು. ಹಿಂದಿನ ಸೀಟು ನೆಲದಿಂದ ಎಷ್ಟು ಎತ್ತರ ಅದ ಅಂತ."

ಬಣ್ಣ ಕೇಳಲಿಲ್ಲ, ಮೈಲೇಜು ಕೇಳಲಿಲ್ಲ. ಅವರ ತಾಯಿ ಕೂಡುವ ಕುರ್ಚಿಯ ಎತ್ತರಕ್ಕೆ ಮೊದಲನೆಯ ಗಂಟು. ಕುಳಿತು ಕಾಲು ಒಳಗೆ ತೆಗೆದುಕೊಳ್ಳಲು ಬೇಕಾದ ಜಾಗಕ್ಕೆ ಎರಡನೆಯದು. ತಾಯಿಗೆ ಸೊಂಟದ ಮೂಳೆ ಮುರಿದು ಕೂಡಿಸಿದ್ದರು. ಅದಕ್ಕಿಂತ ತಗ್ಗಿನ ಜಾಗದಲ್ಲಿ ಕುಳಿತರೆ ಏಳಲಾಗುವುದಿಲ್ಲ, ಎತ್ತರವಾದರೆ ಹತ್ತಲಾಗುವುದಿಲ್ಲ. ನಮ್ಮಲ್ಲಿದ್ದ ಎಲ್ಲ ಕಾರುಗಳ ಪಕ್ಕದಲ್ಲೂ ಮೇಷ್ಟ್ರು ಕೋಟು ತೊಟ್ಟ ನನ್ನೊಂದಿಗೆ ಬಗ್ಗಿ ಬಗ್ಗಿ ದಾರ ಹಿಡಿದರು. ಕೊನೆಗೆ ಸ್ವಲ್ಪ ಎತ್ತರದ ಒಂದು ಸಣ್ಣ ಗಾಡಿಗೆ ಗಂಟು ಸರಿಯಾಗಿ ಕೂಡಿತು. ಅವರ ಮುಖ ನೋಡಿ ನನಗೇ ಖುಷಿಯಾಯಿತು.

ಎಲ್ಲಿಗೆ ಕರೆದುಕೊಂಡು ಹೋಗಬೇಕು ಎಂದು ಕೇಳಿದೆ. ದೇವದುರ್ಗಕ್ಕೆ ಅಂದರು. ನಮ್ಮೂರೇ. ಆಮೇಲೆ ಅವರು ಹೇಳಿದ ವಿಷಯ ಇಷ್ಟು.

ತಾಯಿಯ ತಂಗಿಯನ್ನು ದೇವದುರ್ಗಕ್ಕೆ ಕೊಟ್ಟಿತ್ತು, ಅನುಕೂಲಸ್ಥರ ಮನೆ. ಮೇಷ್ಟ್ರು ಹುಡುಗರಿದ್ದಾಗ ಆ ಮನೆಯಲ್ಲಿ ಒಂದು ಮುಂಜಿ. ಇವರು ಹೊರಟ ದಿನ ಬಸ್ಸು ತಪ್ಪಿತು, ಯಾರದೋ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಧೂಳು ತಿಂದುಕೊಂಡು ಹೋದರು. ತಂಗಿಯ ಅತ್ತೆ ಬಾಗಿಲಲ್ಲೇ ತಡೆದು, ನೆರೆದ ಬೀಗರೆದುರಿಗೆ, "ಟ್ರಾಲ್ಯಾಗ ಬಂದವರು ಹಿತ್ತಲ ಬಾಗಿಲಿಂದ ಬರ್ರಿ" ಎಂದರು. ತಾಯಿ ಮುಂದೆ ಒಂದು ಹೆಜ್ಜೆ ಇಡಲಿಲ್ಲ. "ಸ್ವಂತ ಗಾಡ್ಯಾಗ ಬಂದು ಮುಂದಿನ ಬಾಗಿಲಿಂದನ ಒಳಗ ಬರ್ತೀನಿ. ಅಲ್ಲೀತನಕ ಈ ಮನಿ ನೀರು ಮುಟ್ಟಂಗಿಲ್ಲ" ಎಂದು ಹೇಳಿ, ಉಣ್ಣದೆ ಮಗನ ಕೈ ಹಿಡಿದು ವಾಪಸು ಬಂದರು. ಅಂದಿನಿಂದ ಅಕ್ಕ ತಂಗಿ ಭೇಟಿಯಾದದ್ದು ಬೇರೆಯವರ ಮದುವೆಗಳಲ್ಲಿ ಮಾತ್ರ. ಈಗ ತಂಗಿ ಹಾಸಿಗೆ ಹಿಡಿದಿದ್ದರು. ಉಸಿರಿನ ತೊಂದರೆ, ವೈದ್ಯರು ಕೈ ಚೆಲ್ಲಿದ್ದರು. ದಿನಾ ಬೆಳಿಗ್ಗೆ ಫೋನಿನಲ್ಲಿ ಒಂದೇ ಮಾತು, ಅಕ್ಕಾ, ಒಮ್ಮೆ ಬಂದು ಹೋಗು ಎಂದು.

"ಬಾಡಿಗಿ ಕಾರ್ ತಂದು ಬಾಗಿಲಿಗೆ ನಿಂದ್ರಿಸಿದ್ದೆರೀ. ಹತ್ತಲಿಲ್ಲ. ಮಾತು ಅಂದ್ರ ಮಾತು ಅಂತಾಳ. ಏನ್ ಮಾಡೂದು, ಗಾಡಿನ ತಗೋಬೇಕು" ಎಂದು ಮೇಷ್ಟ್ರು ನಕ್ಕರು. ಆ ನಗೆಯಲ್ಲಿ ಅವರಿಗೆ ತಾಯಿಯ ಮೇಲಿದ್ದ ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು.

ಮರುವಾರ ತಾಯಿಯನ್ನೇ ಕರೆತಂದರು, ಪರಿಚಯದವರ ಕಾರಿನಲ್ಲಿ. ಆಸ್ಪತ್ರೆಗೆ, ಅಂಗಡಿಗೆ ಬೇರೆಯವರ ಕಾರು ನಡೆಯುತ್ತಿತ್ತು. ಹಟವಿದ್ದದ್ದು ಆ ಒಂದು ಮನೆಗೆ ಮಾತ್ರ. ಸಣ್ಣ ದೇಹ, ನರೆತ ಕೂದಲು, ಕಣ್ಣು ಮಾತ್ರ ಚುರುಕು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸ್ಟೀಲಿನ ಡಬ್ಬಿ. ಶೋರೂಮಿನ ಮಧ್ಯದಲ್ಲಿ ನಿಲ್ಲಿಸಿದ್ದ ಗಾಡಿಯ ಹಿಂದಿನ ಬಾಗಿಲು ತೆರೆದೆ. ಬೆನ್ನು ತಿರುಗಿಸಿ, ನಿಧಾನವಾಗಿ ಸೀಟಿನ ಮೇಲೆ ಕುಳಿತು, ಒಂದೊಂದೇ ಕಾಲು ಒಳಗೆ ತೆಗೆದುಕೊಂಡರು. ಮೇಷ್ಟ್ರು ದಾರವನ್ನು ಜೇಬಿಗೆ ಹಾಕಿಕೊಂಡರು. ತಾಯಿ ಅರ್ಧ ತಾಸು ಇಳಿಯಲೇ ಇಲ್ಲ.

"ಯಾವೂರು ಮಗಳ ನಿಂದು?"

"ದೇವದುರ್ಗ, ಯವ್ವಾ."

"ಅಯ್ಯ, ನಮ್ಮ ತಂಗಿ ಊರು! ಯಾರ ಪೈಕಿ ನೀನು?"

ಈ ಪ್ರಶ್ನೆ ಬಂದಾಗ ನನ್ನ ದನಿ ತಾನಾಗಿಯೇ ಗಟ್ಟಿಯಾಗುತ್ತದೆ. "ಕೂಲಿ ಮಾಡೋರ ಪೈಕಿ" ಎಂದೆ.

ಅವರು ಮುಂದೆ ಕೆದಕಲಿಲ್ಲ. ಆಮೇಲೆ ಡಬ್ಬಿ ಬಿಚ್ಚಿ, "ಕೈ ಒಡ್ಡು" ಎಂದು ಹಚ್ಚಿದ ಅವಲಕ್ಕಿಯನ್ನು ಒಂದು ಮುಷ್ಟಿ ತೆಗೆದು ನನ್ನ ಬೊಗಸೆಗೆ ಹಾಕಿದರು. ಗೇಣು ಎತ್ತರದಿಂದ ಬಿಟ್ಟರು. ಅವರ ಬೆರಳು ನನ್ನ ಕೈಗೆ ತಾಗಲಿಲ್ಲ, ತಾಗದ ಹಾಗೆ ಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ತಿಂದೆ. ಅವಲಕ್ಕಿ ಬಹಳ ರುಚಿಯಾಗಿತ್ತು, ಅದೂ ಸಿಟ್ಟು ಬರಿಸಿತು.

ಬಿಳಿ ಬಣ್ಣ, ಹೂವಿನ ಹಾರ, ಶ್ರೀ ಎಂದು ಹಿಂದೆ ಬರೆಸುವುದು, ಎಲ್ಲ ತೀರ್ಮಾನವಾಯಿತು. ಗಾಡಿ ಬರಲು ಐದಾರು ವಾರ. ಆಷಾಢ ಹತ್ತುವುದರೊಳಗೆ ಕೈಗೆ ಕೊಡುತ್ತೇನೆ ಎಂದು ನಾನೇ ಮಾತು ಕೊಟ್ಟೆ. ಹೋಗುವಾಗ ತಾಯಿ ಕಾರಿನ ಕಿಟಕಿಯಿಂದ, "ನಿಮ್ಮೂರಿಗೆ ಬರ್ತೀನಿ ತಡಿ, ಮುಂದಿನ ಬಾಗಿಲಿಂದ" ಎಂದರು.

ಗಾಡಿ ಬಂತು. ಆಷಾಢ ಹತ್ತಲು ನಾಲ್ಕು ದಿನ ಇದ್ದಾಗಲೇ, ಉಳಿದ ಐದು ಗಾಡಿಗಳ ಜೊತೆ ದೊಡ್ಡ ಲಾರಿಯಿಂದ ಇಳಿಯಿತು. ಕಾಗದದಲ್ಲಿ ಮೇಷ್ಟ್ರ ಹೆಸರಿತ್ತು. ನಾನು ಫೋನ್ ಕೈಗೆತ್ತಿಕೊಂಡಿದ್ದೆ, ಅಷ್ಟರಲ್ಲಿ ಮ್ಯಾನೇಜರು ಒಳಗೆ ಕರೆದರು. ರಾಯಚೂರಿನ ಒಬ್ಬ ಗುತ್ತಿಗೆದಾರರು ಕುಳಿತಿದ್ದರು. ಅವರಿಗೂ ಅದೇ ಗಾಡಿ, ಅದೇ ಬಿಳಿ ಬಣ್ಣ, ಅದೂ ಆಷಾಢ ಹತ್ತುವುದರೊಳಗೇ ಬೇಕು. ಅವರ ಕೆಲಸಕ್ಕೆಂದು ದೊಡ್ಡ ಗಾಡಿಗಳನ್ನೂ ನಮ್ಮಲ್ಲೇ ಕೊಳ್ಳುವವರು. ಅವರು ಹೊರಗೆ ಹೋದ ಮೇಲೆ ಮ್ಯಾನೇಜರು ಹೇಳಿದರು:

"ಆ ಮಾನ್ವಿ ಮಾಸ್ತರಗ ಫೋನ್ ಹಚ್ಚು. ಗಾಡಿ ಇನ್ನೂ ಬಂದಿಲ್ಲ, ಬರೂದು ಆಷಾಢದಾಗ ಅಂತ ಹೇಳು. ಆಚಾರದ ಮಂದಿ, ಅವರ ಬ್ಯಾಡ ಅಂತಾರ. ಶ್ರಾವಣಕ್ಕ ಕೊಟ್ರ ಆತು."

"ಅವರ ಮನ್ಯಾಗ ಜರಾ ಅರ್ಜೆಂಟ್ ಅದ ಸರ್. ಅವರ ಅವ್ವನ ತಂಗಿ ಸಾಯಾಕತ್ತಾರಂತ."

"ಎಲ್ಲಾರಿಗೂ ಅರ್ಜೆಂಟ್ ಅದ. ಹಚ್ಚು."

ಆಗುವುದಿಲ್ಲ ಎನ್ನಬಹುದಿತ್ತು. ಆ ಗಾಡಿಯ ಮೇಲೆ ಅವರ ಹೆಸರಿದೆ, ನಾನು ಮಾತು ಕೊಟ್ಟಿದ್ದೇನೆ ಎಂದು ಜಗಳವಾಡಬಹುದಿತ್ತು. ಮೀಸೆಯ ಬಗ್ಗೆ ಗಿರಾಕಿಯೊಂದಿಗೆ ಜಗಳವಾಡಿದ ನನಗೆ ಬಾಯಿಗೇನು ಬರವಿರಲಿಲ್ಲ. ಆದರೆ ಕೆಲಸದ ಹೆದರಿಕೆ ಇತ್ತು. ಮತ್ತೊಂದನ್ನೂ ಹೇಳಿಬಿಡುತ್ತೇನೆ. ಫೋನ್ ಕಿವಿಗಿಟ್ಟುಕೊಂಡು ಆ ಕಡೆ ರಿಂಗಾಗುವುದನ್ನು ಕೇಳುತ್ತಿದ್ದಾಗ, ಗೇಣು ಎತ್ತರದಿಂದ ಬಿದ್ದ ಅವಲಕ್ಕಿ ನೆನಪಾಯಿತು. ಒಂದು ತಿಂಗಳು ಕಾಯಲಿ, ಏನಾಗುತ್ತದೆ ಎಂದು ಮನಸ್ಸಿನ ಮೂಲೆಯಲ್ಲಿ ಎಲ್ಲೋ ಅನ್ನಿಸಿತು. ಅನ್ನಿಸಿಲ್ಲವೆಂದರೆ ಸುಳ್ಳಾಗುತ್ತದೆ, ಈ ವಿಷಯದಲ್ಲಿ ನಾನು ಹೇಳಿರುವ ಸುಳ್ಳು ಸಾಕಷ್ಟಿದೆ.

"ಸರ್, ಗಾಡಿ ಬರೂದು ಒಂದು ವಾರ ಮುಂದ ಹೋಗ್ಯಾದ್ರೀ. ಅಷ್ಟರಾಗ ಆಷಾಢ ಹತ್ತತದ. ನೀವು ಆಷಾಢದಾಗ ತಗೋತೀರೋ ಏನೋ ಅಂತ ಕೇಳಿದೆ."

 ಆ ಕಡೆ ಹಿಂದಿನಿಂದ ತಾಯಿಯ ದನಿ, ಏನಂತ, ಗಾಡಿ ಬಂತಂತೇನ ಎಂದು ಕೇಳುತ್ತಿರುವುದು ನನಗೂ ಕೇಳಿಸಿತು. ಮೇಷ್ಟ್ರು ಅವರಿಗೆ ಹೇಳಿದರು. 

"ಇಲ್ಲ ಮೇಡಂ, ಆಷಾಢದಾಗ ಬ್ಯಾಡ ಅನ್ನಲಿಕ್ಕತ್ತಾಳ ಅವ್ವ. ಶ್ರಾವಣಕ್ಕ ತಗೋತೀವಿ. ಛಲೋ ಆತು, ನೀವರ ನೆನಪು ಮಾಡಿದ್ರಿ."

ಮರುದಿನ ಗುತ್ತಿಗೆದಾರರ ಮನೆಯವರು ಬಂದರು. ಗಾಡಿಗೆ ಕೆಂಪು ಸ್ಯಾಟಿನ್ ಬಟ್ಟೆ ಹೊದಿಸಿದ್ದೆವು, ನಾಲ್ಕು ಗಾಲಿಯ ಕೆಳಗೆ ನಾಲ್ಕು ನಿಂಬೆಹಣ್ಣು. ಬಟ್ಟೆ ಎಳೆದು, ಕಾಯಿ ಒಡೆದು, ರಟ್ಟಿನ ದೊಡ್ಡ ಕೀಲಿ ಹಿಡಿದು ಫೋಟೋ ತೆಗೆಸಿಕೊಂಡರು. ಎಲ್ಲರ ಬಾಯಿಗೆ ಪೇಡೆ ಇಟ್ಟವಳು ನಾನೇ.

ಮೇಷ್ಟ್ರ ಹೆಸರಿನ ಇನ್ನೊಂದು ಗಾಡಿ ಆಷಾಢದ ಎರಡನೆಯ ವಾರದಲ್ಲಿ ಬಂತು. ಹಿತ್ತಲಿನ ಯಾರ್ಡಿನಲ್ಲಿ ಕವರು ಹೊದ್ದು ನಿಂತಿತು. ಊಟಕ್ಕೆ ಹೋಗುವ ದಾರಿ ಅದರ ಪಕ್ಕದಲ್ಲೇ. ಮೂರು ದಿನ ನೋಡಿಕೊಂಡು ಹೋದೆ, ನಾಲ್ಕನೆಯ ದಿನ ತಡೆಯಲಾಗಲಿಲ್ಲ, ಫೋನ್ ಮಾಡಿದೆ. ತಾಯಿಯೇ ಎತ್ತಿದರು.

"ಯವ್ವಾ, ನಿಮ್ಮ ಗಾಡಿ ಬಂದದ. ಆಷಾಢ ಅಂತ ಯಾಕ ಕೂಡ್ತೀರಿ? ನಾಳೆನ ತಗೊಂಡು ಹೋಗ್ರಿ. ತಂಗಿ ದಾರಿ ನೋಡ್ತಿರ್ತಾರ."

"ಅಲ್ಲ ಮಗಳ, ನೀನ ಹೇಳಿದ್ದಿ ಅಲ್ಲೇನ ಆಷಾಢ ಅಂತ. ಹೊಸ ಗಾಡಿ, ಮೊದಲನೇ ಸಲ ಹೋಗೂದು ಆಕಿ ಮನಿಗೆ. ಆಷಾಢದ ಗಾಡಿ ತಗೊಂಡು ಆಕಿ ಬಾಗಿಲಿಗೆ ಹೋಗಿ, ಆಕಿಗೆ ಏನರ ಆದ್ರ ನಾ ಏನ್ ಮಾಡ್ಲಿ? ಇಷ್ಟು ವರ್ಷ ತಡದೀನಿ. ಇನ್ನ ಹದಿನೈದು ದಿನ. ಆಕಿಗೂ ಹೇಳೀನಿ, ಅಲ್ಲೀತನಕ ಜ್ವಾಕಿ ಮಾಡು ಅಂತ."

ಆಷಾಢ ಗೀಷಾಢ ಎಲ್ಲ ಸುಳ್ಳು, ಗಾಡಿ ತಡವಾದದ್ದೇ ಬೇರೆ ಕಾರಣಕ್ಕೆ ಎಂದು ಆಗಲೇ ಹೇಳಿದ್ದರೆ ಅವರು ಬರುತ್ತಿದ್ದರೋ ಏನೋ. ಹೇಳಲಿಲ್ಲ. ಹೂಂ ಯವ್ವಾ ಎಂದು ಫೋನ್ ಇಟ್ಟೆ.

ನನ್ನ ವಾರದ ರಜೆ ಮಂಗಳವಾರ. ಆಷಾಢ ಮುಗಿಯಲು ಇನ್ನು ಐದು ದಿನವಿತ್ತು. ಬೆಳಿಗ್ಗೆ ರಾಯಚೂರಿನಿಂದ ಹೊರಟು ದೇವದುರ್ಗದ ನಿಲ್ದಾಣದಲ್ಲಿ ಇಳಿದು, ಅವ್ವನಿಗೆ ಬಾಳೆಹಣ್ಣು ಕೊಳ್ಳುತ್ತ ನಿಂತಿದ್ದೆ. ಸಿರವಾರದ ಕಡೆಯಿಂದ ಒಂದು ಬಸ್ಸು ಬಂತು. ಜನರೆಲ್ಲ ಇಳಿದ ಮೇಲೂ ಬಾಗಿಲಲ್ಲಿ ಏನೋ ಗದ್ದಲ. ಕಂಡಕ್ಟರ್ ಕೆಳಗೆ ನಿಂತು ಎರಡೂ ಕೈ ಮೇಲೆ ಚಾಚಿದ್ದ. ಮೇಲಿನ ಮೆಟ್ಟಿಲಲ್ಲಿ ಮೇಷ್ಟ್ರು, ಅವರ ತೋಳಿನಲ್ಲಿ ತಾಯಿ. ಬಸ್ಸಿನ ಮೆಟ್ಟಿಲು ಎಷ್ಟು ಎತ್ತರವೆಂದು ಅಲ್ಲಿಯವರೆಗೆ ನಾನು ಗಮನಿಸಿರಲಿಲ್ಲ. ಇಬ್ಬರೂ ಸೇರಿ ಅವರನ್ನು ಇಳಿಸುವಾಗ ತಾಯಿ ಕೂಗಿಕೊಂಡರು. ಮಾತಿಲ್ಲ, ಬರೀ ನೋವಿನ ಕೂಗು. ಮಾನ್ವಿಯಲ್ಲಿ ಹತ್ತಿಸುವಾಗ ಒಮ್ಮೆ, ಸಿರವಾರದಲ್ಲಿ ಬಸ್ಸು ಬದಲಿಸುವಾಗ ಎರಡು ಸಲ ಹೀಗೆಯೇ ಆಗಿರಬೇಕು.

ಅಂಗಡಿಯ ಹಿಂದೆ ಅಡಗಿಕೊಳ್ಳಬೇಕೆನ್ನಿಸಿತು, ನಿಜ ಹೇಳುತ್ತೇನೆ. ಆದರೆ ಕಾಲು ಅವರ ಕಡೆಗೇ ಹೋಯಿತು.

"ಮುಂಜಾನಿ ಐದಕ್ಕ ಫೋನ್ ಬಂತು" ಎಂದರು ಮೇಷ್ಟ್ರು. "ಹೋದಳು. ಕಾರ್ ತರ್ತೀನಿ ನಿಂದ್ರು ಅಂದೆ. ಬ್ಯಾಡ, ಮೊದಲನೇ ಬಸ್ಸಿಗೇ ನಡಿ ಅಂದಳು ಅವ್ವ. ಇನ್ನ ಯಾತರ ಗಾಡಿ ಅಂದಳು."

ತಾಯಿ ನನ್ನನ್ನು ನೋಡಿದರು. ಗುರುತು ಹಿಡಿದರೋ ಇಲ್ಲವೋ. ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಒಣಗಿದ, ಬಿಸಿಯಾದ ಕೈ. ಆಟೋದಲ್ಲಿ ಉದ್ದಕ್ಕೂ ಬಿಡಲಿಲ್ಲ. ಹಾದಿಯ ತಗ್ಗು ಬಂದಾಗಲೆಲ್ಲ ಉಗುರು ನನ್ನ ಚರ್ಮಕ್ಕೆ ನಾಟುತ್ತಿತ್ತು, ನಾಟಲಿ ಅನ್ನಿಸುತ್ತಿತ್ತು.

ಕಟ್ಟೆಯಿರುವ ದೊಡ್ಡ ಹಳೆಯ ಮನೆ. ಮುಂದಿನ ಬಾಗಿಲಿನ ಎರಡೂ ಪಡಿ ತೆರೆದಿದ್ದವು. ಹೆಂಗಸರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬಾಗಿಲ ತನಕ ಹಿಡಿದುಕೊಂಡು ಹೋದೆ, ಅಲ್ಲಿಂದ ಮೇಷ್ಟ್ರು ಹಿಡಿದುಕೊಂಡರು. ಪಡಸಾಲೆಯ ಗೋಡೆಯ ಮೇಲೆ, ಹಾರ ಹಾಕಿದ ಹಳೆಯ ಫೋಟೋಗಳ ಸಾಲಿನಲ್ಲಿ, ದಪ್ಪ ಮೂಗುತಿಯ ಒಬ್ಬ ಮುದುಕಿಯ ಫೋಟೋ ಇತ್ತು. ಮುಂಜಿಯ ದಿನ ಬಾಗಿಲಲ್ಲಿ ತಡೆದ ಅತ್ತೆ ಅವರೇ ಎಂದು ಆಮೇಲೆ ಮೇಷ್ಟ್ರು ಹೇಳಿದರು. ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತಂತೆ. ತಾಯಿ ಹೊಸ್ತಿಲು ದಾಟಿ ಒಳಗೆ ಹೋದರು. ಹೇಗೆ ಬಂದಿರಿ ಎಂದು ಅವರನ್ನು ಯಾರೂ ಕೇಳಲಿಲ್ಲ.

ನಾನು ಹೊರಗೇ ನಿಂತಿದ್ದೆ. ಒಳಗಿನಿಂದ ಅವರು ತಂಗಿಯ ಹೆಸರು ಹಿಡಿದು ಕರೆಯುವುದು ಕೇಳುತ್ತಿತ್ತು. ಸಣ್ಣವಳಿದ್ದಾಗಿನ ಮುದ್ದಿನ ಹೆಸರಿರಬೇಕು, ಅಷ್ಟು ವಯಸ್ಸಿನ ಯಾರನ್ನೂ ಆ ಹೆಸರಿನಿಂದ ಕರೆಯುವುದಿಲ್ಲ. ಬಾಳೆಹಣ್ಣಿನ ಚೀಲ ಕೈಯಲ್ಲೇ ಇತ್ತು. ಮನೆಗೆ ಹೋದಾಗ ಯಾಕೆ ಮುಖ ಹೀಗಿದೆ ಎಂದು ಅವ್ವ ಕೇಳಿದಳು. ಬಿಸಿಲು ಎಂದೆ.

ಶ್ರಾವಣದ ಎರಡನೆಯ ಶುಕ್ರವಾರ ಮೇಷ್ಟ್ರು ಒಬ್ಬರೇ ಬಂದರು. ಗಾಡಿ ಓಡಿಸಲು ಜೊತೆಗೆ ಪರಿಚಯದ ಡ್ರೈವರ್. ಕೆಂಪು ಬಟ್ಟೆ ಹೊದಿಸಬೇಡ ಎಂದು ನಾನೇ ಹುಡುಗರಿಗೆ ಹೇಳಿದ್ದೆ, ಯಾರೋ ಅಭ್ಯಾಸಬಲದಿಂದ ಹೊದಿಸಿಬಿಟ್ಟಿದ್ದರು. ಮೇಷ್ಟ್ರು ಅದರ ಒಂದು ತುದಿ ಹಿಡಿದು ಎಳೆದರು. ರಟ್ಟಿನ ಕೀಲಿ ಕೈಗೆ ಕೊಟ್ಟು ಫೋಟೋದವನು "ನಗ್ರೀ ಸರ್" ಎಂದ. ಮೇಷ್ಟ್ರು ಪ್ರಯತ್ನ ಮಾಡಿದರು. ಆ ಫೋಟೋ ನಮ್ಮ ಗೋಡೆಯ ಮೇಲೆ ಉಳಿದವರ ಜೊತೆ ಬಹಳ ದಿನ ಇತ್ತು. ಅದರಲ್ಲಿ ಪಕ್ಕಕ್ಕೆ ನಾನೂ ಇದ್ದೇನೆ, ಕೈಯಲ್ಲಿ ಪೇಡೆಯ ತಟ್ಟೆ.

ಅಂದೇ ಹೇಳಿಬಿಡಬೇಕು ಎಂದುಕೊಂಡಿದ್ದೆ. ಹಿಂದಿನ ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಆದರೆ ಜನವಿದ್ದರು, ಮ್ಯಾನೇಜರು ಪಕ್ಕದಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದರು. ಸರ್ವಿಸಿಗೆ ಬಂದಾಗ ಹೇಳಿದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾನು ಗಿರಾಕಿಗಳಿಗೆ ದಿನ ಮುಂದೂಡಿ ಕಲಿತವಳು.

ಮೊದಲ ಸರ್ವಿಸಿಗೆ ಬಂದದ್ದು ಪಿತೃಪಕ್ಷದಲ್ಲಿ. ಸರ್ವಿಸಿನವನು ಬೇರೆ ಗಾಡಿಯಲ್ಲಿ ಸಿಕ್ಕಿಬಿದ್ದಿದ್ದ, ಕಾರ್ಡ್ ಬರೆಯಲು ನಾನೇ ಹೋದೆ. ಬಾಗಿಲು ತೆರೆದು ಮೀಟರ್ ನೋಡಿದೆ. ನೂರ ಹದಿನಾಲ್ಕು ಕಿಲೋಮೀಟರ್. ನಮ್ಮಲ್ಲಿಂದ ಮಾನ್ವಿಗೆ ಹೋದದ್ದು, ಈಗ ಮಾನ್ವಿಯಿಂದ ಬಂದದ್ದು. ಹಿಂದಿನ ಸೀಟಿಗೆ ಕಂಪನಿಯವರು ಹಾಕಿದ್ದ ಪ್ಲಾಸ್ಟಿಕ್ ಹಾಳೆ ಹಾಗೆಯೇ ಇತ್ತು. ಒಂದು ಸುಕ್ಕೂ ಇರಲಿಲ್ಲ. ಬಾಗಿಲಿನ ಜೇಬಿನಲ್ಲಿ ಎರಡು ಗಂಟಿನ ಬಿಳಿ ದಾರ ಸುತ್ತಿ ಇಟ್ಟಿದ್ದರು.

"ಅವ್ವ ಕೂತಿಲ್ಲೇನ್ರೀ ಸರ್?"

"ಇಲ್ಲ. ಎಲ್ಲಿಗೆ ಹೋಗ್ಲಿ ಅಂತಾಳ. ಬಸ್ಸಿನ ಮ್ಯಾಲ ಹೋಗಿ ಬಂದಾಗಿಂದ ಸೊಂಟ ಮತ್ತ ಹಿಡದದ, ಮಲಕೊಂಡ ಇರ್ತಾಳ."

ಅಕ್ಕಪಕ್ಕ ಯಾರೂ ಇರಲಿಲ್ಲ. ಈಗಲೇ ಎಂದುಕೊಂಡೆ. "ಸರ್, ನಿಮಗೊಂದು ಮಾತು ಹೇಳಬೇಕಿತ್ತು" ಎಂದೆ. 

"ನಾನೂ ನಿಮಗೊಂದು ಹೇಳಬೇಕಂತ ಬಂದೀನಿ" ಎಂದು ಮೇಷ್ಟ್ರು ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ನನ್ನ ಕೈಗಿಟ್ಟರು. "ಅವ್ವ ಕಳಿಸ್ಯಾಳ. ಆ ದೇವದುರ್ಗದ ಹುಡುಗಿಗೆ ಕೊಡು ಅಂತ. ಹಾಸಿಗಿ ಮ್ಯಾಲ ಕೂತು ತಾನ ಕೈಯಾರೆ ಅವಲಕ್ಕಿ ಹಚ್ಚ್ಯಾಳ. ನಿಮ್ಮನ್ನ ದಿನಾ ನೆನಸ್ತಾಳ್ರೀ. ಆ ಹುಡುಗಿ ಆಷಾಢ ಅಂತ ನೆನಪು ಮಾಡಿದ್ದು ಪುಣ್ಯ ಬಂತು ಅಂತಾಳ. ಆಷಾಢದಾಗ ಗಾಡಿ ತಗೊಂಡಿದ್ರ, ನನ್ನ ಗಾಡಿನ ನನ್ನ ತಂಗೀನ ತಿಂತು ಅಂತ ಸಾಯೋತನಕ ಅಂದಕೋತ ಇರ್ತಿದ್ದೆ, ಅಷ್ಟರ ತಪ್ಪಿತು ಅಂತಾಳ. ಈಗ ಆಕಿಗೆ ಇರೂದು ಅದೊಂದ ಸಮಾಧಾನ."

ನಾನು ಡಬ್ಬಿ ಹಿಡಿದುಕೊಂಡು ನಿಂತೆ.

"ನೀವೇನೋ ಹೇಳಬೇಕಂದ್ರಿ?"

"ಏನಿಲ್ರೀ ಸರ್. ಟಯರ್ ಗಾಳಿ ನೋಡಿಸ್ರಿ ಅಂತ" ಎಂದೆ.

ಕಾರ್ಡಿನಲ್ಲಿ ನೂರ ಹದಿನಾಲ್ಕು ಎಂದು ಬರೆದೆ. ಸರ್ವಿಸ್ ಮುಗಿದ ಮೇಲೆ ಮೇಷ್ಟ್ರು ಗಾಡಿ ತೆಗೆದುಕೊಂಡು ಹೋದರು, ಹಿಂದೆ ಶ್ರೀ ಎಂದು ಕೆಂಪು ಅಕ್ಷರದಲ್ಲಿ ಬರೆಸಿತ್ತು. ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಾನು ಅಷ್ಟು ಸುಲಭಕ್ಕೆ ಅಳುವವಳಲ್ಲ. ಅತ್ತರೂ ಏನೂ ಹಗುರವಾಗಲಿಲ್ಲ. ಹೇಳಿದ್ದರೆ ಆ ಮುದುಕಿಯ ಕೊನೆಯ ಸಮಾಧಾನವನ್ನೂ ಕಿತ್ತುಕೊಂಡಂತಾಗುತ್ತಿತ್ತು. ಹೇಳದೆ ಇದ್ದುದರಿಂದ ಅವರ ಆಶೀರ್ವಾದವನ್ನು ದಿನಾ ಹೊತ್ತುಕೊಂಡು ತಿರುಗಬೇಕು. ಆಷಾಢಕ್ಕೂ ನಾಲ್ಕು ದಿನ ಮುಂಚೆ ಅವರ ಹೆಸರಿನ ಗಾಡಿ ಬಂದಿತ್ತು. ಆಗ ತಂಗಿ ಇನ್ನೂ ಮಾತಾಡುತ್ತಿದ್ದರು. ಇದು ನನಗೆ, ಮ್ಯಾನೇಜರಿಗೆ ಬಿಟ್ಟರೆ ಮತ್ಯಾರಿಗೂ ಗೊತ್ತಿಲ್ಲ. ಮ್ಯಾನೇಜರು ಮರೆತಿದ್ದಾರೆ.

ಮುಖ ತೊಳೆದುಕೊಂಡು ಮೇಜಿಗೆ ಬಂದೆ. ಡಬ್ಬಿಯನ್ನು ಡ್ರಾಯರಿನಲ್ಲಿಟ್ಟೆ. ಮ್ಯಾನೇಜರು ತಮ್ಮ ಕೋಣೆಯಿಂದಲೇ ಕೂಗಿದರು, "ಏ, ಆ ಸಿಂಧನೂರಿನವರ ಗಾಡಿ ಈ ವಾರ ಬರಂಗಿಲ್ಲ. ಪಕ್ಷ ನಡದದ ಅಂತ ಹೇಳಿ ಒಂದು ಫೋನ್ ಹಚ್ಚು."

ಅವಲಕ್ಕಿಯ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಅದರಡಿಯಿದ್ದ ಪಂಚಾಂಗ ತೆಗೆದೆ. ಫೋನ್ ಹಚ್ಚಿದೆ.